ಕೇರಾಫ್ ಕುಂಞ ಮಣಿಯಾಣಿ

ಶಟರ್ ಎತ್ತುವ ಮೊದಲೇ ಒಲಿಂಡಾಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಇನ್ನೂ ನಿರ್ಧಾರವಾಗಿರಲಿಲ್ಲ, ಅಷ್ಟೆ. ಕೆಳಗೆ ಬಂದ್ಯೋಡು ಪೇಟೆ ತನ್ನ ಪಾಡಿಗೆ ತಾನಿತ್ತು. ಮಂಗಳೂರು ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು ತಲಪಾಡಿ, ತೊಕ್ಕೊಟ್ಟು ಎಂದು ಕೂಗುತ್ತಿದ್ದ. ಮೀನಿನವನ ಸೈಕಲ್ಲು ಹಾರ್ನ್ ಬಾರಿಸುತ್ತ ಒಳದಾರಿಗೆ ತಿರುಗಿತು. ಸಹಕಾರಿ ಬ್ಯಾಂಕಿನ ಚುನಾವಣೆಯ ಪೋಸ್ಟರುಗಳು ಅವಳ ಮೆಟ್ಟಿಲ ಗೋಡೆಯಲ್ಲಿ ಒಂದರ ಮೇಲೊಂದು ಅಂಟಿಕೊಂಡಿದ್ದವು. ಲೋಕದಲ್ಲಿ ಯಾರಿಗೂ ಏನೂ ಆಗಿಲ್ಲ, ಹನ್ನೊಂದು ಗಂಟೆಗೆ ಉದಯಶಂಕರನೆಂಬ ಮನುಷ್ಯ ಬರುವುದು ತನ್ನೊಬ್ಬಳ ತಲೆನೋವು ಎಂದುಕೊಂಡು ಅವಳು ಕಂಪ್ಯೂಟರುಗಳಿಗೆ ಹೊದೆಸಿದ್ದ ಬಟ್ಟೆ ತೆಗೆದು ಕೊಡವಿದಳು. ಟೈಪ್‌ರೈಟರುಗಳ ಬಟ್ಟೆ ತೆಗೆಯಲಿಲ್ಲ. ಟೈಪಿಂಗ್ ಕಲಿಯಲು ಈಗ ಯಾರೂ ಬರುವುದಿಲ್ಲ. ಆದರೂ ಹೊರಗಿನ ಬೋರ್ಡಿನಲ್ಲಿ ಒಲಿಂಡಾ ಟೈಪ್‌ರೈಟಿಂಗ್ ಎಂಬ ಅಕ್ಷರಗಳೇ ದೊಡ್ಡವು, ಇಂಟರ್‌ನೆಟ್ ಎಂಬುದನ್ನು ಕೆಳಗೆ ಉಳಿದ ಜಾಗದಲ್ಲಿ ಹೇಗೋ ತುರುಕಿಸಿದ್ದಳು. ಅವನು ಬಂದು ಮೊದಲು ನೋಡುವುದು ಆ ಬೋರ್ಡನ್ನೇ. ನೋಡಿ ನಗುತ್ತಾನೆ. ನಗಲಿ. ನಗುವವರನ್ನು ಕಂಡು ಅಂಗಡಿ ಮುಚ್ಚಿಕೊಂಡು ಹೋಗುವ ಜಾತಿಯವಳಲ್ಲ ತಾನು.

ಉದಯಶಂಕರ ಬೆಂಗಳೂರಿನಿಂದ ಬರುತ್ತಿದ್ದುದು ಅವಳು ಸೇರಿಸಿದ ಸದಸ್ಯರು ನಿಜವಾದ ಮನುಷ್ಯರು ಹೌದೋ ಅಲ್ಲವೋ ಎಂದು ನೋಡಲು. ಇಂಟರ್‌ನೆಟ್ಟಿನಲ್ಲಿ ಯಾವ ತಾಣಕ್ಕೆ ಯಾವ ಹೆಸರು, ಯಾವುದಕ್ಕೆ ಯಾವ ನಿಯಮ ಎಂದು ತೀರ್ಮಾನಿಸುವ ಸಂಸ್ಥೆಯೊಂದು ಸಮುದ್ರದಾಚೆ ಇತ್ತು, ಉದಯಶಂಕರ ಅದರ ಇಲ್ಲಿಯ ಮನುಷ್ಯ. ಎರಡು ಸಾವಿರದ ಆ ಇಸವಿಯಲ್ಲಿ ಅದಕ್ಕೆ ಇದ್ದಕ್ಕಿದ್ದ ಹಾಗೆ ಜನ ಬೇಕೆನಿಸಿತು. ದೊಡ್ಡ ಕಂಪೆನಿಯವರೇ ಕೂತು ಎಲ್ಲ ತೀರ್ಮಾನಿಸಿದರೆ ಸಾಲದು, ಸಾಮಾನ್ಯರೂ ಸದಸ್ಯರಾಗಲಿ, ರಾಜ್ಯಕ್ಕೊಬ್ಬ ಪ್ರತಿನಿಧಿಯನ್ನು ವೋಟು ಹಾಕಿ ಆರಿಸಲಿ ಎಂದು ಪ್ರಕಟಿಸಿತು. ಒಂದು ಇ-ಮೇಲ್, ಒಂದು ಅಂಚೆಯ ವಿಳಾಸ ಇದ್ದರೆ ಸಾಕು. ವೋಟು ಹಾಕಲು ಬೇಕಾದ ಗುಟ್ಟಿನ ಸಂಖ್ಯೆ ಲಕೋಟೆಯಲ್ಲಿ ಬರುತ್ತದೆ. ಒಲಿಂಡಾ ಅದನ್ನು ಪರದೆಯ ಮೇಲೆ ಓದಿ, ಮತ್ತೆ ಓದಿ, ಸಾಕ್ಷರತಾ ಆಂದೋಲನದ ಸಂಜೆಗಳನ್ನು ನೆನೆದಿದ್ದಳು. ಬೀಡಿ ಕಟ್ಟುವ ಹೆಂಗಸರ ಒರಟು ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ಸ್ಲೇಟಿನ ಮೇಲೆ ಓಡಿಸಿದ್ದು, ಬರೆದದ್ದು ತಮ್ಮದೇ ಹೆಸರೆಂದು ತಿಳಿದಾಗ ಅವರು ನಾಚಿ ಸೆರಗಿನಿಂದ ಒರೆಸಿದ್ದು. ಅವರಿಗೆ ಆಗ ಸಾಧ್ಯವಾದದ್ದು ಈಗ ಯಾಕಾಗಬಾರದು? ಮೂರು ಮಂದಿ ಸೇರಿದರೆ ಸಂಘ ಕಟ್ಟುವ ಊರು ಇದು. ಹಾಲಿಗೊಂದು ಸಂಘ, ಬೀಡಿಗೊಂದು, ಆಟೋರಿಕ್ಷಾಕ್ಕೊಂದು, ಪೇಪರು ಪುಸ್ತಕ ಓದುವ ವಾಯನಶಾಲೆಗೂ ಒಂದು. ಇಂಥವರಿಗೆ ಸದಸ್ಯತ್ವ ಎಂದರೇನೆಂದು ಅವಳು ಹೊಸದಾಗಿ ಕಲಿಸಬೇಕಿತ್ತೇ? "ಇಂಟರ್‌ನೆಟ್ಟಿನ ಒಂದು ಸಂಘ ಉಂಟು, ವೋಟು ಉಂಟು" ಎಂದರೆ ಸಾಕು, "ಆಗ್ಲಿ ಟೀಚರ್, ಹಾಕಿ ನಮ್ಮ ಹೆಸರು" ಎನ್ನುತ್ತಿದ್ದರು. ಹಾಕಿದಳು. ಎಪ್ಪತ್ತು ಚಿಲ್ಲರೆ ಹೆಸರು ಹಾಕಿದಳು. ಕೊನೆಗೆ ಕೇರಳದ ಪ್ರತಿನಿಧಿಯ ಸ್ಥಾನಕ್ಕೆ ತನ್ನ ಹೆಸರನ್ನೂ ಹಾಕಿದಳು.

ತನ್ನದನ್ನು ಯಾಕೆ ಹಾಕಿದೆ ಎಂದು ಕೇಳಿಕೊಂಡಾಗಲೆಲ್ಲ ಮಂಗಳೂರಿನ ಹೋಟೆಲೊಂದರ ತಣ್ಣನೆಯ ಸಭಾಂಗಣ ಕಣ್ಣೆದುರು ಬರುತ್ತಿತ್ತು. ಇಂಟರ್‌ನೆಟ್ ಬಳಕೆದಾರರ ಸಭೆ ಎಂದು ಕರೆದಿದ್ದರು, ಹೋದಳು. ಬಾಗಿಲಲ್ಲಿ ಹೆಸರಿನ ಚೀಟಿ ಕೊಡುತ್ತಿದ್ದ ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಸ್ಟೂಡೆಂಟ್ಸ್ ಜೊತೆ ಬಂದ ಟೀಚರಾ? ನೀವು ಹಿಂದೆ ಕೂತ್ಕೊಳ್ಳಿ" ಎಂದಳು. ಚೀಟಿ ಕೊಡಲಿಲ್ಲ. ಒಲಿಂಡಾ ಹಿಂದೆ ಕೂತಳು. ತಾನು ಯಾಕೆ ಕೂತೆ, ಯಾಕೆ ಅಲ್ಲೇ ನಿಂತು ಚೀಟಿ ಕೇಳಲಿಲ್ಲ ಎಂಬುದು ಇಂದಿಗೂ ಅವಳ ಹೊಟ್ಟೆಯಲ್ಲಿ ಉರಿಯುತ್ತದೆ. ಕೊನೆಯಲ್ಲಿ ಎದ್ದು ನಿಂತು, ತಾಣಗಳ ಹೆಸರುಗಳು ನಮ್ಮ ಕನ್ನಡ ಅಕ್ಷರದಲ್ಲಿ ಯಾಕೆ ಇರಬಾರದು ಎಂದು ಕನ್ನಡದಲ್ಲಿ ಕೇಳಿದಳು. ವೇದಿಕೆಯ ಮೇಲಿದ್ದ ಕೋಟಿನವರು ಉತ್ತರವನ್ನು ಇಂಗ್ಲಿಷಿನಲ್ಲಿ, ಅವಳಿಗಲ್ಲ, ಇಡೀ ಸಭೆಗೆ ಹೇಳಿದರು. ಸಭೆ ನಕ್ಕಿತು. ನಗುವಂಥದ್ದು ಅದರಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ, ತಿಳಿಯದೆಯೇ ತಾನೂ ಸ್ವಲ್ಪ ನಕ್ಕಿದ್ದಳು. ಉದಯಶಂಕರ ಆ ವೇದಿಕೆಯ ಬದಿಯಲ್ಲಿ ಕೂತಿದ್ದ. ಅವನು ನಗಲಿಲ್ಲ, ತಲೆ ತಗ್ಗಿಸಿ ಏನೋ ಬರೆದುಕೊಂಡ. ಹೆಸರು ಹಾಕಿದ್ದು ಊರಿಗಾಗಿ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಸುಳ್ಳಲ್ಲ. ಆದರೆ ಆ ವೇದಿಕೆಯ ಮೇಲೆ ಕೂರುವ ಆಸೆಯೂ ಇತ್ತು, ಚೀಟಿಯ ಹುಡುಗಿ ಅದನ್ನು ನೋಡಬೇಕೆಂಬ ಆಸೆಯೂ ಇತ್ತು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಇಂಥ ಆಸೆ ಇರಬಾರದೆಂದು ಯಾರು ಬರೆದಿಟ್ಟಿದ್ದಾರೆ?

ತೊಂದರೆಯಾದದ್ದು ವಿಳಾಸದಿಂದ. ಬಂದ್ಯೋಡಿನ ಗುಡ್ಡೆಯ ಬದಿಯವರಿಗಾಗಲಿ ಕಡಲ ಬದಿಯವರಿಗಾಗಲಿ ಕಾಗದ ಮನೆಗೆ ಬರುವ ಅಭ್ಯಾಸ ಯಾವ ಕಾಲಕ್ಕೂ ಇರಲಿಲ್ಲ. ಒಲಿಂಡಾಳ ಕೋಣೆಯ ಕೆಳಗೇ ಕುಂಞ ಮಣಿಯಾಣಿಯವರ ಕೊಡೆ, ಚಪ್ಪಲಿಯ ಅಂಗಡಿ. ಪೋಸ್ಟ್‌ಮ್ಯಾನ್ ಎಲ್ಲರ ಕಾಗದವನ್ನೂ ಅಲ್ಲಿ ಕೊಟ್ಟು ಹೋಗುತ್ತಾನೆ. ಮಣಿಯಾಣಿಯವರು ಅವನ್ನು ಕೊಡೆ ತೂಗಿಸುವ ತಂತಿಗೆ ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ, ಪೇಟೆಗೆ ಬಂದವರು ತೆಗೆದುಕೊಂಡು ಹೋಗುತ್ತಾರೆ. ಮದುವೆಯ ಕಾಗದ, ಇಂಟರ್‌ವ್ಯೂ ಕಾರ್ಡು, ಬ್ಯಾಂಕಿನ ನೋಟೀಸು ಎಲ್ಲದಕ್ಕೂ ಅದೇ ತಂತಿ. ವಿಳಾಸ ಹೇಳಿ ಎಂದರೆ ಮನೆಯ ಹೆಸರಿಗಿಂತ ಮೊದಲು ಎಲ್ಲರ ಬಾಯಿಗೆ ಬರುವುದು ಕೇರಾಫ್ ಕುಂಞ ಮಣಿಯಾಣಿ. ಒಲಿಂಡಾ ಹೇಳಿದ್ದನ್ನು ಹೇಳಿದ ಹಾಗೇ ತುಂಬಿದಳು, ತನ್ನದನ್ನೂ ಸೇರಿಸಿ. ಅದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಅವಳಿಗೆ ತೋರಲೇ ಇಲ್ಲ. ವಿದೇಶದ ಲಕೋಟೆಗಳು ಒಟ್ಟಿಗೆ ಬಂದು ತಂತಿಯ ಉದ್ದಕ್ಕೂ ನೇತಾಡಿದ ದಿನ ಇಡೀ ಪೇಟೆ ಬಂದು ನೋಡಿತು. "ಎಂತ ಟೀಚರ್, ಅಮೆರಿಕದಲ್ಲಿ ಯಾರದ್ದು ಮದುವೆ?" ಎಂದು ಮಣಿಯಾಣಿಯವರು ಕೇಳಿದ್ದರು. ಅದರ ಬೆನ್ನಿಗೇ ಸಂಸ್ಥೆಯಿಂದ ಇ-ಮೇಲ್ ಬಂತು. ಒಂದೇ ವಿಳಾಸದಲ್ಲಿ ಇಷ್ಟೊಂದು ಸದಸ್ಯರಿರುವುದರಿಂದ, ಯಾರೋ ಒಬ್ಬರೇ ಹಲವರ ಹೆಸರಿನಲ್ಲಿ ನೋಂದಾಯಿಸಿಕೊಂಡಿರುವ ಶಂಕೆ ಇದೆ; ಪರಿಶೀಲನೆ ಮುಗಿಯುವವರೆಗೆ ಈ ವೋಟುಗಳನ್ನು ತಡೆಹಿಡಿಯಲಾಗಿದೆ. ಯಾರೋ ಒಬ್ಬರು. ಆ ಒಬ್ಬರು ತಾನು. ಓದಿ ಮುಗಿಸಿ ಕಳ್ಳಿಯ ಹಾಗೆ ಬಾಗಿಲ ಕಡೆ ನೋಡಿದ್ದು ಯಾಕೆಂದು ಅವಳಿಗೆ ಈಗಲೂ ಗೊತ್ತಿಲ್ಲ. ಕದ್ದದ್ದೇನನ್ನು?

ಉದಯಶಂಕರ ಹೇಳಿದ ಹೊತ್ತಿಗೇ ಬಂದ. ಬೋರ್ಡು ನೋಡಿ ನಗಲಿಲ್ಲ. ಮೆಟ್ಟಿಲು ಹತ್ತಿ ಬಂದು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ನನ್ನ ಅಜ್ಜನ ಮನೆ ನೆಕ್ರಾಜೆಯಲ್ಲಿ ಮೇಡಂ, ಸಣ್ಣದಿರುವಾಗ ರಜೆಯಲ್ಲಿ ಬರ್ತಿದ್ದೆ" ಎಂದ. ಕೊಟ್ಟ ನೀರನ್ನು ಪೂರ್ತಿ ಕುಡಿದ. ಬೈಯಲು ತಯಾರಾಗಿ ಕೂತವಳಿಗೆ ಎದುರಿನವನು ಒಳ್ಳೆಯವನಾಗಿಬಿಟ್ಟರೆ ಆಗುವ ಕಿರಿಕಿರಿ ಒಲಿಂಡಾಳಿಗೂ ಆಯಿತು.

"ನಾನು ನಿಮ್ಮ ಮೇಲೆ ಸಂಶಯ ಪಡುದಲ್ಲ," ಅವನು ಹೇಳಿದ. "ಆದ್ರೆ ಅಲ್ಲಿ ಕೂತವರಿಗೆ ಈ ಕೊಡೆ ಅಂಗಡಿ ಗೊತ್ತಿಲ್ಲ. ಒಂದು ಅಂಗಡಿಯಲ್ಲಿ ಎಪ್ಪತ್ತು ಜನ ಇದ್ದಾರೆ ಅಂದ್ರೆ ಅವರು ಎಂತ ತಿಳ್ಕೊಳ್ಬೇಕು?"

"ಕಾಗದ ಅಲ್ಲಿಗೆ ಬರ್ತದೆ ಅಂತ ತಿಳ್ಕೊಳ್ಬೇಕು."

ಅವನು ನಕ್ಕು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಒಂದು ದಾರಿ ಉಂಟು ಮೇಡಂ. ನಿಮ್ಮ ಎದುರು ನಿಂತದ್ದು ಕಲ್ಲಿಕೋಟೆಯ ಇಂಜಿನಿಯರ್ ಸುಕುಮಾರ. ನಾವು ಹೇಳಿದ್ರೆ ಅವರು ಹಿಂದೆ ಸರೀತಾರೆ. ಸಣ್ಣ ಪೇಟೆಯ ಒಬ್ಬರು ಹೆಂಗಸು ಬಂದ್ರೆ ನಮಗೂ ಸಂತೋಷ, ಸಂಸ್ಥೆಗೂ ಫೋಟೋದಲ್ಲಿ ಚಂದ ಕಾಣ್ತದೆ, ಸುಳ್ಳು ಯಾಕೆ ಹೇಳ್ಲಿ. ಚುನಾವಣೆಯೇ ಬೇಡ, ನೀವು ಅವಿರೋಧ. ಈ ಹೆಸರುಗಳು ತಿಳಿಯದೆ ಆದ ತಪ್ಪು ಅಂತ ಒಂದು ಸಾಲು ಬರೆದು, ಅವನ್ನು ಹಿಂದೆ ತೆಗೀರಿ. ಶಂಕೆಯೂ ಹೋಯ್ತು, ಸ್ಥಾನವೂ ನಿಮ್ಮದಾಯ್ತು."

"ಅವರ ವೋಟು?"

"ಮುಂದೆ ಯಾವಾಗಾದ್ರೂ ಸರಿಯಾದ ವಿಳಾಸ ಹಾಕಿ ಸೇರಿಸುವ. ಯಾರಿಗೆ ನಷ್ಟ ಮೇಡಂ? ಅವರಿಗೆ ಇದೆಲ್ಲ ಗೊತ್ತೇ ಇರ್ಲಿಕ್ಕಿಲ್ಲ."

ಆ ಕೊನೆಯ ಮಾತು ಒಲಿಂಡಾಳಿಗೆ ತಾಗಬೇಕಾದಲ್ಲಿಗೇ ತಾಗಿತು, ಯಾಕೆಂದರೆ ಅದರಲ್ಲಿ ನಿಜವಿತ್ತು. ಯಾರಿಗೆ ಎಷ್ಟು ಗೊತ್ತಿತ್ತು? ರಿಕ್ಷಾದ ಕೂಸಪ್ಪ ಪರ್ಮಿಟ್ಟಿನ ಅರ್ಜಿ ಟೈಪು ಮಾಡಿಸಲು ಬಂದಾಗ ಅದರ ಜೊತೆಗೇ ಇದನ್ನೂ ತುಂಬಿದ್ದಳು, ಅವನು ಕಿಟಕಿಯಿಂದ ತನ್ನ ರಿಕ್ಷಾ ನೋಡುತ್ತ ಹ್ಞೂಂಗುಟ್ಟಿದ್ದ. ಇ-ಮೇಲ್ ತೆರೆದುಕೊಟ್ಟವಳು ಅವಳೇ, ಪಾಸ್‌ವರ್ಡು ಇಟ್ಟವಳೂ ಅವಳೇ. ಗ್ರಾಮಸಭೆಗೆ ಬಂದು ಸಹಿ ಹಾಕಿ, ಕೋರಂ ಆಯಿತೆಂದು ಮನೆಗೆ ಹೋಗುವವರನ್ನು ಬಾಯ್ತುಂಬ ಬೈಯುತ್ತಿದ್ದವಳು, ತಾನೂ ಇವರನ್ನು ಕೋರಮ್ಮಿನಂತೆ ಎಣಿಸಿದ್ದಳಲ್ಲವೇ? ಹಾಗೆ ನೋಡಿದರೆ ಅವನು ಕೇಳುತ್ತಿರುವುದು ಒಂದೇ ಸಾಲು. ಅವಳ ಬೆರಳುಗಳಿಗೆ ಒಂದು ಸಾಲು ಎಂದರೆ ಒಂದು ಉಸಿರಿನ ಕೆಲಸವೂ ಅಲ್ಲ. ಆಮೇಲೆ ವೇದಿಕೆ, ಎದುರಿಗೆ ಹೆಸರಿನ ಫಲಕ, ನೀರಿನ ಬಾಟಲಿ. ಒಂದು ಕ್ಷಣ ಅವಳು ಅಲ್ಲಿ ಕೂತೇಬಿಟ್ಟಿದ್ದಳು, ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಹಿತವಾಯಿತು. ಆದರೆ ತಪ್ಪು ಎಂಬ ಆ ಶಬ್ದ ಬೆರಳಿಗೆ ಇಳಿಯಲಿಲ್ಲ. ಯಾವುದು ತಪ್ಪು? ಕೂಸಪ್ಪ ತಪ್ಪೇ? ಮಣಿಯಾಣಿಯವರ ತಂತಿ ತಪ್ಪೇ? ಮಂಗಳೂರಿನ ಆ ಸಭೆಯಲ್ಲಿ ನಕ್ಕವರಿಗೆಲ್ಲ ಎಷ್ಟು ಗೊತ್ತಿತ್ತೆಂದು ಯಾರಾದರೂ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದರೇ? ಗೊತ್ತಾದ ಮೇಲೆ ಒಳಗೆ ಬಿಡುತ್ತೇವೆ ಎನ್ನುವವರು, ಒಳಗೆ ಬಿಡದೆ ಗೊತ್ತಾಗುವುದು ಹೇಗೆಂದು ಹೇಳಲಿ. ಬೆಳಗ್ಗಿನಿಂದ ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದ ಸಿಟ್ಟಿಗೆ ಕೊನೆಗೂ ಒಂದು ಜಾಗ ಸಿಕ್ಕಿತು.

"ಬರೆಯುದಿಲ್ಲ," ಅವಳು ಹೇಳಿದಳು. "ಅವರಿಗೆ ಗೊತ್ತುಂಟೋ ಇಲ್ವೋ ಅಂತ ಅವರನ್ನೇ ಕೇಳಿ. ನೀವು ಬಂದದ್ದು ಅದಕ್ಕಲ್ವಾ?" ಹೊರಗಿನ ಜಗಲಿಗೆ ಹೋಗಿ ಕೆಳಗೆ ಬಗ್ಗಿ, ನಾಲ್ಕು ಅಂಗಡಿಗೆ ಕೇಳುವ ಹಾಗೆ ಕರೆದಳು: "ಮಣಿಯಾಣಿಯವರೆ, ನಮ್ಮ ಸಂಘದವರು ಪೇಟೆಯಲ್ಲಿ ಯಾರೆಲ್ಲ ಇದ್ದಾರೆ, ಮೇಲೆ ಕಳಿಸಿ. ಲಕೋಟೆ ಇದ್ದವರು ಲಕೋಟೆ ತರ್ಲಿ."

ಅವರು ಬರುವವರೆಗೆ ಅವಳು ಮೆಟ್ಟಿಲ ಕಡೆಯೇ ನೋಡುತ್ತಿದ್ದಳು. ಬಾಯಿಬಿಟ್ಟು ಮರ್ಯಾದೆ ಕಳೆದರೆ? ಇದು ಯಾವ ಸಂಘ ಟೀಚರ್, ಎಂದು ಅವನೆದುರೇ ಕೇಳಿದರೆ? ಮೊದಲು ಕೂಸಪ್ಪ ಬಂದ, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ. ಹಿಂದೆ ಮಣಿಯಾಣಿಯವರು ಅಂಗಡಿಯನ್ನು ಹಾಗೇ ಬಿಟ್ಟು ಬಂದರು. ಎದುರಿನ ಟೈಲರ್ ಅಂಗಡಿಯ ದೇವಕಿ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಳು. ಮೆಟ್ಟಿಲಲ್ಲಿ ಇನ್ನೂ ಚಪ್ಪಲಿಗಳ ಸದ್ದು. ಕೋಣೆ ತುಂಬಿ, ಟೈಪ್‌ರೈಟರುಗಳ ಮೇಜಿಗೆ ಒರಗಿ ನಿಂತರು.

ಉದಯಶಂಕರ ಕೂಸಪ್ಪನನ್ನು ಕೇಳಿದ, "ನೀವು ಯಾವುದರ ಸದಸ್ಯರು ಅಂತ ಗೊತ್ತುಂಟಾ?"

"ಇಂಟರ್‌ನೆಟ್ಟಿನ ಸಂಘದ್ದು," ಕೂಸಪ್ಪ ಹೇಳಿದ. "ಸಾರ್, ಅದರ ಜನರಲ್ ಬಾಡಿ ಯಾವಾಗ? ಕಾಗದ ಬರ್ಲಿಲ್ಲ."

"ಅದು… ವಿದೇಶದಲ್ಲಿ ನಡೀತದೆ."

"ನಮ್ಮನ್ನು ಬಿಟ್ಟು ನಡೀತದಾ? ಹಾಲಿನ ಸಂಘದಲ್ಲಿ ಹಾಗೆ ಮಾಡಿದ್ದಕ್ಕೆ ಕೋರ್ಟಿನಿಂದ ಸ್ಟೇ ತಂದದ್ದು ನಾವು."

ಮಣಿಯಾಣಿಯವರು ಹೌದೆಂದು ತಲೆಯಾಡಿಸಿದರು. ಒಲಿಂಡಾಳಿಗೆ ನಗು ಬಂತು, ಅಪ್ಪಿಕೊಳ್ಳುವಷ್ಟು ಪ್ರೀತಿಯೂ ಬಂತು. ನೋಡು ಮಾರಾಯ, ಇವರೇ ನನ್ನ ತಪ್ಪುಗಳು, ಎಂದು ಮನಸ್ಸಿನಲ್ಲೇ ಉದಯಶಂಕರನಿಗೆ ಹೇಳಿದಳು. ಅವನು ದೇವಕಿಯ ಕಡೆ ತಿರುಗಿದ. "ನೀವು ಯಾರಿಗೆ ವೋಟು ಹಾಕ್ತೀರಿ?"

"ಅದು ಕೇಳ್ಬಾರ್ದು ಸಾರ್. ಗುಟ್ಟಿನದ್ದು."

"ಸರಿ. ಆದ್ರೆ ನೀವೆಲ್ಲ ಟೀಚರ್ ಹೇಳಿದ ಹಾಗೆ ಹಾಕುವವರು ಅಂತ ಒಂದು ದೂರು ಉಂಟು."

ದೇವಕಿ ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು. "ಹಾಗಾದ್ರೆ ಹೇಳ್ತೇನೆ. ನಾನು ಸುಕುಮಾರರಿಗೆ ಹಾಕುದು."

ಎಲ್ಲರೂ ಒಲಿಂಡಾಳನ್ನು ನೋಡಿದರು, ನೋಡಿ ಬೇರೆಲ್ಲಿಗೋ ಕಣ್ಣು ತಿರುಗಿಸಿದರು. ದೇವಕಿ ಮುಂದುವರಿಸಿದಳು. "ಇಬ್ಬರೂ ವೋಟಿಗೆ ಬರೆದದ್ದನ್ನು ಟೀಚರೇ ಗೋಡೆಗೆ ಅಂಟಿಸಿದ್ದಾರಲ್ಲ, ಓದಿದ್ದೇನೆ. ಟೀಚರ್ ಬರೆದದ್ದು, ಕಾಸರಗೋಡಿನ ಜನರಿಗೆ ಕನ್ನಡ ಅಕ್ಷರದ ಹೆಸರು ಬೇಕು ಅಂತ. ಬೇಡ ಅಂತ ಹೇಳುದಿಲ್ಲ. ಆದ್ರೆ ನನ್ನ ಹತ್ತಿರ ಕೇಳ್ಲಿಲ್ಲ. ನಾನು ಮಾತಾಡುದು ತುಳು, ಶಾಲೆಗೆ ಹೋದದ್ದು ಮಲಯಾಳಕ್ಕೆ. ಸುಕುಮಾರರು ಬರೆದಿದ್ದಾರೆ, ಊರೂರಿನ ವಾಯನಶಾಲೆಯಲ್ಲಿ ಒಂದು ಕಂಪ್ಯೂಟರ್ ಇಡ್ಬೇಕು, ಸಂಜೆಗೆ ಹೆಂಗಸರಿಗೆ ಬಿಡ್ಬೇಕು ಅಂತ. ನನಗೆ ಬೇಕಾದ್ದು ಅದು."

"ಅದು ಆ ಸಂಸ್ಥೆಯ ಕೆಲಸವೇ ಅಲ್ಲ," ಒಲಿಂಡಾ ಹೇಳಿದಳು.

"ಇರ್ಲಿ ಟೀಚರ್. ಕೇಳಿದ್ರೆ ತಾನೇ ಯಾರ ಕೆಲಸ ಅಂತ ಹೇಳ್ಬೇಕಾಗುದು?"

"ನನಗೂ ಹಾಗೇ ಕಾಣ್ತದೆ," ಎಂದು ಕೂಸಪ್ಪ ನೆಲ ನೋಡುತ್ತ ಹೇಳಿದ.

ಒಲಿಂಡಾ ದೇವಕಿಯನ್ನೇ ನೋಡಿದಳು. ಮೌಸು ಹಿಡಿಯುವುದನ್ನು ಇವಳಿಗೆ ಕಲಿಸಿದವರು ಯಾರು? ಹೊಲಿಗೆಯ ನಡುವೆ ಓಡಿ ಬಂದರೆ, ಕಾದು ಕೂತ ಬೇರೆಯವರನ್ನು ಎಬ್ಬಿಸಿ ಕುರ್ಚಿ ಕೊಟ್ಟವರು ಯಾರು? ವಾಯನಶಾಲೆಗೆ ಕಂಪ್ಯೂಟರು ಬಂದರೆ ಈ ಮೆಟ್ಟಿಲು ಯಾರು ಹತ್ತುತ್ತಾರೆ, ತನ್ನ ಗತಿಯೇನು? ಇದೇ ಬಾಯಿಗಾಗಿ ತಾನು ಈಗ ತಾನೇ, ಈ ಕುರ್ಚಿಯಲ್ಲಿ ಕೂತು, ಬಂದ ಸ್ಥಾನವನ್ನು ಬೇಡವೆಂದಳಲ್ಲ. ಹೇಳಿಬಿಡಬೇಕು, ಎಲ್ಲರೆದುರು ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಎಲ್ಲರೂ ಮರುಗುತ್ತಾರೆ, ದೇವಕಿ ಅತ್ತರೂ ಅತ್ತಾಳು, ವೋಟು ತನಗೇ ಬೀಳುತ್ತದೆ. ಹಾಗೆ ಬಿದ್ದ ವೋಟನ್ನು ಏನು ಮಾಡುವುದು? ಮರುಕದ ವೋಟಿಗಿಂತ ಉದಯಶಂಕರನ ಫೋಟೋ ಮೇಲು. ತನಗೆ ಹೊಟ್ಟೆ ಉರಿಯುತ್ತಿದೆ, ಉರಿಯಲಿ, ಅದು ತನ್ನ ಹೊಟ್ಟೆ. ಆದರೆ ಆ ಉರಿಯ ಅಡಿಯಲ್ಲಿ ಇನ್ನೇನೋ ಇತ್ತು, ಅದಕ್ಕೆ ಹೆಸರಿಡಲು ಅವಳಿಗೆ ಇಷ್ಟವಿರಲಿಲ್ಲ. ಮಂಗಳೂರಿನ ಆ ಸಭೆಯಲ್ಲಿ ತಾನು ನಿಲ್ಲಬೇಕಾಗಿದ್ದ ಹಾಗೆ ಈ ಟೇಪಿನ ಹೆಂಗಸು ನಿಂತಿದ್ದಳು, ನಗದೆ, ಹಿಂದೆ ಸರಿಯದೆ. ಅವಳು ಹಾಗೆ ನಿಂತದ್ದು ತನ್ನ ಎದುರು ಎಂಬುದು ಬೇರೆ ಮಾತು.

ಉದಯಶಂಕರ ಅವಳ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ, "ಮೇಡಂ, ನಿಜವಾದ ಜನ ಅಂತ ನನಗೆ ಖಾತ್ರಿಯಾಯ್ತು. ಆದ್ರೆ ನಿಮ್ಮವರೇ ಹೀಗಂದ ಮೇಲೆ, ತಡೆ ತೆಗೆದ್ರೆ ನೀವು ಸೋಲ್ತೀರಿ. ಆ ಒಂದು ಸಾಲಿಗೆ ಇನ್ನೂ ಹೊತ್ತು ಮೀರಲಿಲ್ಲ."

"ತಡೆ ತೆಗೀರಿ," ಎಂದಳು ಒಲಿಂಡಾ, ಎಲ್ಲರಿಗೂ ಕೇಳುವ ಹಾಗೆ. "ವಿಳಾಸವನ್ನು ಬದಲಿಸ್ಲಿಕ್ಕೂ ಇಲ್ಲ. ಕೇರಾಫ್ ಕುಂಞ ಮಣಿಯಾಣಿ ಅಂತಲೇ ಇರ್ಲಿ."

ಅವನು ಕಂಪ್ಯೂಟರಿನ ಮುಂದೆ ಕೂತ. ಫೋನಿನ ಲೈನು ಸಿಗಲು ತಡವಾಯಿತು, ಸಿಕ್ಕಿದ್ದು ಒಮ್ಮೆ ಕಡಿದುಹೋಯಿತು. ಅಷ್ಟು ಹೊತ್ತೂ ಅವರ್‍ಯಾರೂ ಕೋಣೆ ಬಿಟ್ಟು ಹೋಗಲಿಲ್ಲ, ಮಣಿಯಾಣಿಯವರು ಮಾತ್ರ ನಡುವೆ ಕೆಳಗಿಳಿದು ಒಬ್ಬರಿಗೆ ಚಪ್ಪಲಿ ಕೊಟ್ಟು ಬಂದರು. ಕೆಲಸ ಮುಗಿದಾಗ ಉದಯಶಂಕರ ಎದ್ದು ನಿಂತು, ಒಲಿಂಡಾಳಿಗೆ ಕೈಮುಗಿದು ಮೆಟ್ಟಿಲಿಳಿದು ಹೋದ.

ಕುರ್ಚಿ ಖಾಲಿಯಾಯಿತು. ಹಿಂದಿನಿಂದ ಯಾರೋ ದೇವಕಿಯನ್ನು ಮುಂದೆ ತಳ್ಳಿದರು. ಅವಳು ಕುಪ್ಪಸದೊಳಗಿನಿಂದ ಮಡಚಿದ ಲಕೋಟೆ ತೆಗೆದು, ಸಂಖ್ಯೆಯನ್ನು ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದಳು. ಒಲಿಂಡಾ ಮುಖ ತಿರುಗಿಸಿ ನಿಂತಿದ್ದಳು. ಪರದೆಯ ಮೇಲೆ ಪುಟ ತೆರೆದುಕೊಂಡಿತು, ಪೂರ್ತಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ. ದೇವಕಿ ಮೇಲೆ ಕೆಳಗೆ ನೋಡಿದಳು, ಮೌಸನ್ನು ಅಲ್ಲಾಡಿಸಿದಳು, ಬಾಣವನ್ನು ಕಳೆದುಕೊಂಡಳು.

"ಟೀಚರ್," ಎಂದಳು. "ಗೊತ್ತಾಗುದಿಲ್ಲ. ಅವರ ಹೆಸರು ಎಲ್ಲಿ ಉಂಟು?"

ಒಲಿಂಡಾ ತಿರುಗಿದಳು. ಎರಡು ಹೆಸರು, ಎರಡರ ಪಕ್ಕದಲ್ಲೂ ಒಂದೊಂದು ಸಣ್ಣ ಸುತ್ತು. ಮೇಲಿನದು ಅವಳದು. ಬಗ್ಗಿ, ದೇವಕಿಯ ಕೈಯ ಮೇಲೆ ಕೈಯಿಟ್ಟು, ಬಾಣವನ್ನು ತನ್ನ ಹೆಸರು ದಾಟಿಸಿ ಕೆಳಗೆ ತಂದು ನಿಲ್ಲಿಸಿದಳು. ಕೈ ತೆಗೆದಳು.

"ಇದು."

ದೇವಕಿ ಒತ್ತಲಿಲ್ಲ. ಕತ್ತೆತ್ತಿ ಅವಳನ್ನು ನೋಡಿದಳು. "ಟೀಚರಿಗೆ ಬೇಜಾರುಂಟಾ?"

"ಉಂಟು," ಎಂದಳು ಒಲಿಂಡಾ. "ನೀನು ಒತ್ತು."